ಎರಡನೆಯ ಹೆರಿಗೆ ಜರ್ಮನಿಯಲ್ಲಿ, ಮೊದಲ ಮಗು ಮಡಿಲಲ್ಲಿ

ಎರಡನೆಯ ಮಗುವಿನ ನಿರೀಕ್ಷೆಯಲ್ಲಿರುವ, ಜರ್ಮನಿಯಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಂದ ಈ ತಿಂಗಳು ಮೂರು ಪತ್ರಗಳು ಬಂದಿವೆ. ಬರೆದವರಲ್ಲಿ ಒಬ್ಬರು ಗರ್ಭಿಣಿ, ಒಬ್ಬರು ಮಗಳ ಬಾಣಂತನಕ್ಕೆಂದು ಹೊರಟಿರುವ ತಾಯಿ, ಇನ್ನೊಬ್ಬರು ಮತ್ತೊಮ್ಮೆ ತಂದೆಯಾಗಲಿರುವವರು. ಮೂವರ ಪ್ರಶ್ನೆಗಳೂ ಒಂದರೊಳಗೊಂದು ಸೇರಿಕೊಂಡಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ. ರಜೆ, ಭತ್ಯೆ, ವೀಸಾಗಳ ಬಗ್ಗೆ ಇಲ್ಲಿ ಹೇಳಿರುವುದು ಜರ್ಮನಿಯ ನಿಯಮಗಳನ್ನು ಕುರಿತದ್ದೆಂದು ಉಳಿದ ದೇಶಗಳಲ್ಲಿರುವ ಓದುಗರು ಗಮನಿಸಬೇಕು.

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆ. ಈಗ ಮ್ಯೂನಿಕ್‌ನಲ್ಲಿದ್ದೇವೆ, ಗಂಡ ಹೆಂಡತಿ ಇಬ್ಬರೂ ಉದ್ಯೋಗದಲ್ಲಿದ್ದೇವೆ. ಮೊದಲ ಹೆರಿಗೆಗೆ ತವರಿಗೆ ಹೋಗಿದ್ದೆ; ಅಮ್ಮನ ಕೈಯಲ್ಲಿ ಐದು ತಿಂಗಳು ಬಾಣಂತನ ಮಾಡಿಸಿಕೊಂಡು ಬಂದೆ. ಮಗಳಿಗೆ ಈಗ ಎರಡು ವರ್ಷ ಮೂರು ತಿಂಗಳು. ಎರಡನೆಯ ಮಗುವಿಗೆ ಫೆಬ್ರವರಿ ಮಧ್ಯದಲ್ಲಿ ದಿನ ಕೊಟ್ಟಿದ್ದಾರೆ. ಅಮ್ಮನಿಗೆ 90 ದಿನಗಳ ವೀಸಾ ಮಾತ್ರ ಸಿಗುತ್ತದೆಯಂತೆ. ಮಗಳನ್ನು ಸೆಪ್ಟೆಂಬರ್‌ನಲ್ಲಿ ಇಲ್ಲಿನ ಶಿಶುವಿಹಾರಕ್ಕೆ, ಅಂದರೆ ಕಿಟಾಕ್ಕೆ, ಸೇರಿಸಿದ್ದೇವೆ. ಪ್ರತಿ ಬೆಳಿಗ್ಗೆ ಅಳುತ್ತಾಳೆ. ರಾತ್ರಿ ಎದೆಹಾಲು ಇನ್ನೂ ಬಿಟ್ಟಿಲ್ಲ. ಎಲ್ಲಿಗೆ ಹೊರಟರೂ ಎತ್ತಿಕೊಳ್ಳಬೇಕೆಂದು ಹಟ ಹಿಡಿಯುತ್ತಾಳೆ. ಮಗಳನ್ನು ಐದಾರು ತಿಂಗಳು ಊರಿಗೆ ಕಳಿಸಿಬಿಡಿ, ನಾವು ನೋಡಿಕೊಳ್ಳುತ್ತೇವೆ ಎಂದು ಅತ್ತೆ ಮಾವ ಹೇಳುತ್ತಿದ್ದಾರೆ. ನನ್ನ ಯಜಮಾನರಿಗೂ ಅದೇ ಸರಿ ಎನ್ನಿಸಿದೆ. ನನಗೆ ಮನಸ್ಸಿಲ್ಲ, ಆದರೆ ಇಬ್ಬರನ್ನೂ ಇಲ್ಲಿ ನಿಭಾಯಿಸಲು ಸಾಧ್ಯವೇ ಎಂಬ ಭಯವೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ವ್ಯವಸ್ಥೆಗಳೆಲ್ಲ ಅದನ್ನೇ ಅವಲಂಬಿಸಿವೆ. ಮಗಳನ್ನು ಊರಿಗೆ ಕಳಿಸಬೇಡಿ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಅವರ ಮಡಿಲಲ್ಲಿ ಮಗುವಿಗೆ ಯಾವ ಕೊರತೆಯೂ ಆಗದು ಎನ್ನುವುದೂ ನಿಜ. ಆದರೆ ಎರಡು ವರ್ಷ ದಾಟಿದ ಮಗುವಿಗೆ ತಾಯಿ ಕಣ್ಣಿಗೆ ಕಾಣಿಸದಿದ್ದರೆ ಇನ್ನೆಂದೂ ಬರುವುದಿಲ್ಲವೇನೋ ಎಂಬ ದಿಗಿಲು ಹುಟ್ಟುತ್ತದೆ; ‘ಆರು ತಿಂಗಳು’ ಎನ್ನುವ ಲೆಕ್ಕ ಅದಕ್ಕೆ ತಿಳಿಯದು, ಫೋನಿನ ಪರದೆಯಲ್ಲಿ ಕಾಣುವ ಅಮ್ಮ ಎತ್ತಿಕೊಳ್ಳುವ ಅಮ್ಮನಾಗಲಾರಳು. ಆರು ತಿಂಗಳ ನಂತರ ಮರಳಿದಾಗ ತಾನು ಬಿಟ್ಟುಹೋದ ಜಾಗದಲ್ಲಿ ಇನ್ನೊಂದು ಮಗು ಮಲಗಿರುವುದನ್ನು ಅವಳು ಕಾಣುತ್ತಾಳೆ. ತಮ್ಮನೋ ತಂಗಿಯೋ ಬಂದದ್ದರಿಂದಲೇ ನನ್ನನ್ನು ಕಳಿಸಿದರು ಎಂದು ಅವಳ ಮನಸ್ಸು ತೀರ್ಮಾನಿಸಿದರೆ ಅದನ್ನು ತಪ್ಪೆನ್ನಲು ನಮ್ಮಲ್ಲಿ ಆಧಾರವಿರುವುದಿಲ್ಲ. ಇದಲ್ಲದೆ ಕಷ್ಟಪಟ್ಟು ಸಿಕ್ಕ ಕಿಟಾದ ಜಾಗ ಕೈತಪ್ಪುತ್ತದೆ, ಕಲಿಯಲು ತೊಡಗಿರುವ ನಾಲ್ಕು ಜರ್ಮನ್ ಮಾತುಗಳೂ ಮರೆತುಹೋಗುತ್ತವೆ. ಮೊಮ್ಮಗಳು ಅಲ್ಲಿಗೆ ಬರುವ ಬದಲು ಅಜ್ಜಿ ಇಲ್ಲಿಗೆ ಬರಲಿ ಎಂದು ನಿಮ್ಮ ಯಜಮಾನರೇ ತಮ್ಮ ತಂದೆ ತಾಯಿಗೆ ಹೇಳಲಿ. ಸೊಸೆ ಹೇಳುವುದಕ್ಕಿಂತ ಮಗ ಹೇಳುವುದು ಇಂಥ ಸಂದರ್ಭದಲ್ಲಿ ಎಲ್ಲರಿಗೂ ಹಗುರ.

ತವರಿನಲ್ಲಿ ನಡೆದ ಮೊದಲ ಬಾಣಂತನದಲ್ಲಿ ಎಲ್ಲವೂ ನಿಮ್ಮ ಮತ್ತು ಹಸುಗೂಸಿನ ಸುತ್ತ ನಡೆದಿತ್ತು. ಈ ಬಾರಿಯ ಏರ್ಪಾಡನ್ನು ದೊಡ್ಡ ಮಗಳಿಂದ ಆರಂಭಿಸಬೇಕು ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಹಸುಗೂಸಿಗೆ ಬೇಕಾದ ಹಾಲು, ಬೆಚ್ಚನೆಯ ಬಟ್ಟೆ, ನಿದ್ದೆ ಹೇಗೂ ಒದಗುತ್ತವೆ. ಹೆರಿಗೆ ನೋವು ಬಂದ ರಾತ್ರಿ ನಿಮ್ಮ ಮಗಳು ಯಾರ ಮಗ್ಗುಲಲ್ಲಿ ಮಲಗುತ್ತಾಳೆ ಎನ್ನುವುದು ಮಾತ್ರ ತಾನಾಗಿ ಒದಗುವ ಸಂಗತಿಯಲ್ಲ. ಆಸ್ಪತ್ರೆಯ ಚೀಲ ಕಟ್ಟುವುದಕ್ಕೂ ಮೊದಲು ಅದನ್ನು ಗೊತ್ತುಮಾಡಿ. ಎರಡನೆಯ ಹೆರಿಗೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಬೇಗ ಆಗುತ್ತದೆ, ಹೆರಿಗೆ ಕೋಣೆಯಲ್ಲಿ ನಿಮ್ಮ ಜೊತೆಗೆ ಯಜಮಾನರು ಇರಬಹುದೇ ಹೊರತು ಚಿಕ್ಕ ಮಗುವನ್ನು ಇರಿಸಿಕೊಳ್ಳಲಾಗದು. ಅಮ್ಮ ಬರುವುದರೊಳಗೇ ನೋವು ಬಂದರೆ ಏನು ಮಾಡುವುದು ಎಂಬುದಕ್ಕೂ ಉತ್ತರ ಸಿದ್ಧವಿರಬೇಕು. ಆದ್ದರಿಂದ ಹತ್ತಿರದಲ್ಲಿರುವ ಎರಡು ಮನೆಗಳನ್ನು ಈಗಲೇ ಕೇಳಿಕೊಳ್ಳಿ. ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟವಿದೆ, ಫ್ರಾಂಕ್‌ಫರ್ಟ್ ಸುತ್ತಮುತ್ತಲಿನವರಿಗೆ ರೈನ್ ಮೈನ್ ಕನ್ನಡ ಸಂಘವಿದೆ. ಹಬ್ಬಕ್ಕೆ ಸೇರಿದಾಗ ಪರಿಚಯವಾದವರಲ್ಲಿ ನಿಮ್ಮ ಮಗಳ ವಯಸ್ಸಿನ ಮಕ್ಕಳಿರುವ ಮನೆಯವರು ಇದಕ್ಕೆ ಒಪ್ಪದೆ ಇರುವುದು ಅಪರೂಪ. ಪಕ್ಕದ ಮನೆಯ ಜರ್ಮನ್ ದಂಪತಿಯನ್ನು ಕೇಳಲೂ ಸಂಕೋಚಪಡಬೇಡಿ. ಡಿಸೆಂಬರ್‌ನೊಳಗೆ ಮಗಳು ಆ ಮನೆಯಲ್ಲಿ ಕೆಲವು ಮಧ್ಯಾಹ್ನ ಕಳೆಯಲಿ, ಸಾಧ್ಯವಾದರೆ ಒಂದು ರಾತ್ರಿ ಮಲಗಲಿ. ಮನೆಯ ಒಂದು ಬೀಗದಕೈ ಅವರ ಬಳಿ ಇರಲಿ. ಅವಳು ಹಿಡಿದು ಮಲಗುವ ಬಟ್ಟೆ ಯಾವುದು, ರಾತ್ರಿ ಎದ್ದರೆ ಏನೆಂದು ಕರೆಯುತ್ತಾಳೆ, ಮೊಸರನ್ನ ತಿನ್ನುತ್ತಾಳೋ ಹಾಲನ್ನವೋ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಬೀಗದಕೈ ಜೊತೆಗೇ ಕೊಡಿ.

ಇನ್ನು 90 ದಿನಗಳ ಲೆಕ್ಕ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ಪ್ರವಾಸಿ ವೀಸಾದಲ್ಲಿ ಯಾವುದೇ 180 ದಿನಗಳೊಳಗೆ 90 ದಿನ ಮಾತ್ರ ಇರಬಹುದು, ಬಂದ ದಿನವೂ ಹೊರಟ ದಿನವೂ ಅದರಲ್ಲಿ ಸೇರುತ್ತವೆ. ಇದನ್ನು ಸುಮ್ಮನೆ ಮುಂದುವರಿಸಿಕೊಳ್ಳಲು ಬರುವುದಿಲ್ಲ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಸಲ್ಲಿಸಬಹುದಾದ್ದರಿಂದ ನೀವು ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಈಗಲೇ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಅಮ್ಮ ಡಿಸೆಂಬರ್‌ನಲ್ಲೇ ಬಂದರೆ ನಿಮಗೆ ಅವರು ಹೆಚ್ಚು ಬೇಕಾಗುವ ಮಾರ್ಚ್ ಕೊನೆಯ ಹೊತ್ತಿಗೆ ಅವರ ದಿನಗಳು ಮುಗಿದಿರುತ್ತವೆ. ಜನವರಿ ಕೊನೆಯ ವಾರದಲ್ಲಿ ಬರಲಿ. ಮಗಳು ಅಜ್ಜಿಗೆ ಹೊಂದಿಕೊಳ್ಳಲು ಎರಡು ಮೂರು ವಾರ ಸಿಗುತ್ತದೆ, ಹೆರಿಗೆಯಾದ ಮೇಲೆ ಎರಡು ತಿಂಗಳು ಅವರು ಜೊತೆಗಿರುತ್ತಾರೆ. ಅತ್ತೆಯವರು ಏಪ್ರಿಲ್ ಮಧ್ಯದಲ್ಲಿ ಬಂದರೆ ಜುಲೈವರೆಗೂ ಮನೆಯಲ್ಲಿ ಹಿರಿಯರೊಬ್ಬರು ಇರುವಂತಾಗುತ್ತದೆ. ಇಬ್ಬರೂ ಒಟ್ಟಿಗೆ ಬರುವುದು ಬೇಡ. ಎರಡು ಕೋಣೆಯ ಮನೆಯಲ್ಲಿ ಇಬ್ಬರು ಅಜ್ಜಿಯರು ಮತ್ತು ಇಬ್ಬರು ಮಕ್ಕಳ ನಡುವೆ ಬಾಣಂತಿಗೆ ವಿಶ್ರಾಂತಿ ಸಿಗುವುದಿಲ್ಲ, ಆಮೇಲೆ ಒಬ್ಬರೂ ಇಲ್ಲದ ತಿಂಗಳುಗಳು ಉದ್ದವಾಗುತ್ತವೆ.

ನಿಮ್ಮ ಯಜಮಾನರ ರಜೆಯನ್ನೂ ಇದಕ್ಕೆ ಹೊಂದಿಸಬೇಕು. ನಿಮಗೆ ಹೆರಿಗೆಗೆ ಮುಂಚೆ 6 ವಾರ, ನಂತರ 8 ವಾರ ಕಾನೂನುಬದ್ಧ ರಜೆಯಿದೆ. ಅವಧಿಗೆ ಮುನ್ನ ಹೆರಿಗೆಯಾದರೆ ನಂತರದ ರಜೆ 12 ವಾರಕ್ಕೆ ಏರುತ್ತದೆ. ತಂದೆಗೆ ಹೆರಿಗೆ ಹೊತ್ತಿಗೆಂದೇ ಬೇರೆ ರಜೆ ಇಲ್ಲದಿರುವುದರಿಂದ ಹೆರಿಗೆಯ ಸುಮಾರಿನ ಎರಡು ವಾರಕ್ಕೆ ವಾರ್ಷಿಕ ರಜೆಯನ್ನು ಈಗಿನಿಂದ ಉಳಿಸಿಕೊಳ್ಳಲಿ. ಆನಂತರದ ಪಾಲಕ ರಜೆಯನ್ನು ಕನಿಷ್ಠ 7 ವಾರ ಮುಂಚಿತವಾಗಿ ಕಚೇರಿಗೆ ತಿಳಿಸಬೇಕು. ಈ ರಜೆಯಲ್ಲಿ ಸಿಗುವ ಪಾಲಕ ಭತ್ಯೆ ಸಾಮಾನ್ಯವಾಗಿ ಹಿಂದಿನ ನಿವ್ವಳ ಆದಾಯದ 65 ಪ್ರತಿಶತದಷ್ಟಿದ್ದು, ತಿಂಗಳಿಗೆ ಕನಿಷ್ಠ 300, ಗರಿಷ್ಠ 1,800 ಯೂರೊ. 2024ರ ಏಪ್ರಿಲ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ವಿಷಯದಲ್ಲಿ ತಂದೆ ತಾಯಿ ಇಬ್ಬರೂ ಪೂರ್ಣ ಭತ್ಯೆಯನ್ನು ಒಟ್ಟಿಗೆ ಪಡೆಯುವುದು, ಸಾಮಾನ್ಯವಾಗಿ, ಮೊದಲ 12 ತಿಂಗಳಲ್ಲಿ ಒಂದೇ ಒಂದು ತಿಂಗಳು ಮಾತ್ರ ಸಾಧ್ಯ. ಈ ಒಂದು ತಿಂಗಳನ್ನು ಅಮ್ಮ ಇರುವಾಗ ಖರ್ಚು ಮಾಡಬೇಡಿ. ಅಮ್ಮ ಹೊರಟ ನಂತರದ ತಿಂಗಳಿಗೆ ಇಟ್ಟುಕೊಳ್ಳಿ. ಮನೆ ಖಾಲಿಯಾದಂತೆ ಅನ್ನಿಸುವುದು ಆಗಲೇ. ತಿಂಗಳ ಲೆಕ್ಕ ಮಗು ಹುಟ್ಟಿದ ತಾರೀಖಿನಿಂದ ನಡೆಯುತ್ತದೆಯೇ ಹೊರತು ಕ್ಯಾಲೆಂಡರಿನ ತಿಂಗಳಿನಂತಲ್ಲ ಎಂಬುದು ನೆನಪಿರಲಿ. ನಿಮ್ಮ ಮಗಳಿಗೆ ಮೂರು ತುಂಬುವವರೆಗೆ ಭತ್ಯೆಯ ಮೇಲೆ 10 ಪ್ರತಿಶತ, ಕನಿಷ್ಠ 75 ಯೂರೊ, ಹೆಚ್ಚುವರಿಯಾಗಿ ಸಿಗುತ್ತದೆ. ಅರ್ಜಿ ತಡವಾದರೆ ಹಿಂದಿನ ಮೂರು ತಿಂಗಳಿಗಿಂತ ಹೆಚ್ಚು ಕಾಲದ ಹಣ ಸಿಗದು.

ಮನೆಗೇ ಬಂದು ನೋಡುವ ಸೂಲಗಿತ್ತಿಯನ್ನು, ಅಲ್ಲಿ ಹೆಬಾಮೆ ಎಂದು ಕರೆಯುವವರನ್ನು, ಇನ್ನೂ ಹುಡುಕಿರದಿದ್ದರೆ ಇವತ್ತೇ ಫೋನ್ ಹಚ್ಚಿ. ದೊಡ್ಡ ಊರುಗಳಲ್ಲಿ ಅವರ ಕೊರತೆಯಿದೆ, ಎಷ್ಟೋ ಜನ ಗರ್ಭ ನಿಂತ ತಿಂಗಳಲ್ಲೇ ಹೆಸರು ಬರೆಸಿರುತ್ತಾರೆ. ಹೆರಿಗೆಯ ನಂತರ ಮೊದಲ 10 ದಿನ ಪ್ರತಿದಿನವೂ, ಆಮೇಲೆ 12 ವಾರಗಳವರೆಗೆ ಬೇಕಾದಾಗಲೂ ಬಂದು ಹೊಲಿಗೆ, ಎದೆಹಾಲು, ಮಗುವಿನ ತೂಕ, ಹೊಕ್ಕುಳು ಎಲ್ಲವನ್ನೂ ನೋಡುತ್ತಾರೆ. ಸರ್ಕಾರಿ ವಿಮೆಯವರಿಗೆ ಇದರ ಖರ್ಚಿಲ್ಲ. ಗರ್ಭಿಣಿಗೆ ಮಲಗಿರಲು ವೈದ್ಯರು ಹೇಳಿದರೆ, ಅಥವಾ ಹೆರಿಗೆಯ ನಂತರ ಮನೆ ನಡೆಸಲು ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ, ಅದೇ ವಿಮೆಯಿಂದ ಮನೆಗೆಲಸದ ನೆರವನ್ನೂ ಕೇಳಬಹುದು. ವೈದ್ಯರ ಪತ್ರದೊಂದಿಗೆ ಮುಂಚಿತವಾಗಿ ಅರ್ಜಿ ಕೊಡಬೇಕು. ನಮ್ಮವರಲ್ಲಿ ಹಲವರು ಇದನ್ನು ದಾನವೆಂದು ಭಾವಿಸಿ ಸಂಕೋಚಪಡುತ್ತಾರೆ. ನೀವು ತಿಂಗಳು ತಿಂಗಳು ಕಟ್ಟಿದ ವಿಮೆಯ ಹಕ್ಕು ಅದು, ಕೇಳಿ ಪಡೆಯಿರಿ.

ಎದೆಹಾಲಿನ ಬಗ್ಗೆ ಭಯ ಬೇಡ. ರಕ್ತಸ್ರಾವವಾಗಲಿ, ದಿನಕ್ಕೆ ಮುಂಚೆ ಹೆರಿಗೆಯಾದ ಇತಿಹಾಸವಾಗಲಿ ಇಲ್ಲದ ಸಹಜ ಗರ್ಭದಲ್ಲಿ ದೊಡ್ಡ ಮಗುವಿಗೆ ಹಾಲುಣಿಸುವುದರಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗುವುದಿಲ್ಲ. ನಿಮ್ಮ ವೈದ್ಯರಿಗೆ ತಿಳಿಸಿ ಮುಂದುವರಿಸಬಹುದು. ಬಿಡಿಸುವುದೇ ಆದರೆ ಡಿಸೆಂಬರ್ ಮೊದಲ ವಾರದೊಳಗೆ ನಿಧಾನವಾಗಿ ಬಿಡಿಸಿ, ಇಲ್ಲವೇ ಹೆರಿಗೆಯಾಗಿ ಮೂರು ನಾಲ್ಕು ತಿಂಗಳಾಗುವವರೆಗೆ ಆ ಮಾತೇ ಎತ್ತಬೇಡಿ. ಡೈಪರ್ ಬಿಡಿಸುವುದು, ಬೇರೆ ಮಂಚಕ್ಕೆ ಮಲಗಿಸುವುದು ಇವಕ್ಕೂ ಇದೇ ಮಾತು ಅನ್ವಯಿಸುತ್ತದೆ. ತನ್ನ ಹಾಲು, ತನ್ನ ಹಾಸಿಗೆ ಎರಡನ್ನೂ ಪಾಪು ಬಂದ ವಾರವೇ ಕಸಿದುಕೊಂಡರೆ ಯಾವ ಮಗುವೂ ಸಹಿಸುವುದಿಲ್ಲ. ಎತ್ತಿಕೊಳ್ಳುವುದನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ, ಆದರೆ ಕಡಿಮೆ ಮಾಡಿ. ನೀವು ಕುಳಿತುಕೊಂಡು ಅವಳನ್ನು ಮಡಿಲಿಗೆ ಹತ್ತಿಸಿಕೊಳ್ಳಿ, ಸ್ನಾನದ ತೊಟ್ಟಿಗೆ ಮತ್ತು ಮಂಚಕ್ಕೆ ಅವಳೇ ಹತ್ತಲು ಒಂದು ಚಿಕ್ಕ ಮಣೆ ಇಡಿ. ಸಿಸೇರಿಯನ್ ಆದರೆ ಕೆಲವು ವಾರ ಅವಳನ್ನು ಎತ್ತುವಂತಿಲ್ಲವಾದ್ದರಿಂದ ಈ ಅಭ್ಯಾಸ ಆಗ ಬಹಳ ಉಪಯೋಗಕ್ಕೆ ಬರುತ್ತದೆ.

ನಮ್ಮ ತಾಯಂದಿರಿಗೆ ವಿಶೇಷವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಮಗು ತಟ್ಟೆಯಲ್ಲಿ ಬಿಟ್ಟ ಎರಡು ತುತ್ತನ್ನು ತಾಯಿ ತಿಂದು ಮುಗಿಸುವುದು, ಅದೇ ಚಮಚದಲ್ಲಿ ರುಚಿ ನೋಡುವುದು, ಬಾಯಿಗೆ ಮುತ್ತಿಡುವುದು ನಮ್ಮ ಮನೆಗಳ ವಾಡಿಕೆ. ಕಿಟಾಕ್ಕೆ ಹೋಗುವ ಚಿಕ್ಕ ಮಕ್ಕಳ ಎಂಜಲು ಮತ್ತು ಮೂತ್ರದಲ್ಲಿ ಸೈಟೊಮೆಗಾಲೊ ಎಂಬ ವೈರಸ್ ಇರುವ ಸಾಧ್ಯತೆ ಹೆಚ್ಚು. ಮಗುವಿಗೆ ಅದರಿಂದ ಹೆಚ್ಚಾಗಿ ಏನೂ ಆಗದಿದ್ದರೂ ಗರ್ಭಿಣಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿನ ಶ್ರವಣಶಕ್ತಿಗೂ ಮೆದುಳಿನ ಬೆಳವಣಿಗೆಗೂ ಹಾನಿಯಾಗಬಹುದು. ಹೆರಿಗೆಯಾಗುವವರೆಗೆ ಅವಳ ತಟ್ಟೆ ಚಮಚ ಬೇರೆ ಇರಲಿ, ಡೈಪರ್ ಬದಲಿಸಿದ ಮೇಲೆ, ಮೂಗು ಒರೆಸಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಮುತ್ತನ್ನು ಹಣೆಗೆ ಕೊಡಿ. ಕಿಟಾದ ಬಾಗಿಲಲ್ಲಿ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಅಥವಾ ಕೆನ್ನೆ ಕೆಂಪಾಗುವ ಪಾರ್ವೊ ಸೋಂಕಿನ ಸೂಚನಾಪತ್ರ ಅಂಟಿಸಿದ್ದು ಕಂಡರೆ ಆ ದಿನವೇ ವೈದ್ಯರಿಗೆ ಫೋನ್ ಮಾಡಿ. ಗರ್ಭಾವಸ್ಥೆಯ ಮಧುಮೇಹ ನಮ್ಮ ಭಾಗದ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ 24ರಿಂದ 28ನೇ ವಾರದ ನಡುವಿನ ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬೇಡಿ.

ಮಗಳ ಮನಸ್ಸಿನ ವಿಚಾರಕ್ಕೆ ಬರುತ್ತೇನೆ. ಅವಳಿಗೆ ‘ಫೆಬ್ರವರಿ’ ಎಂದರೆ ಏನೂ ಅಲ್ಲ; ‘ಅಜ್ಜಿ ವಿಮಾನದಲ್ಲಿ ಬರ್ತಾರೆ, ಆಮೇಲೆ ಪಾಪು ಬರುತ್ತೆ’ ಎಂದರೆ ತಿಳಿಯುತ್ತದೆ. ವಿಡಿಯೊ ಕರೆಗಳಲ್ಲಿ ಬಂಧುಗಳು ತಮಾಷೆಗೆಂದು ‘ಇನ್ಮೇಲೆ ನಿನ್ನ ಯಾರು ಕೇಳ್ತಾರೆ’, ‘ತಮ್ಮ ಬಂದ್ಮೇಲೆ ಅಮ್ಮ ಅವನಿಗೇ’ ಎನ್ನುವುದುಂಟು. ಆಡುವವರಿಗೆ ಅದು ಹಗುರದ ಮಾತು, ಎರಡು ವರ್ಷದ ಮಗುವಿಗೆ ಅದು ಸುದ್ದಿ. ದಯವಿಟ್ಟು ಹಾಗೆ ಹೇಳಬೇಡಿ ಎಂದು ಇಬ್ಬರ ಮನೆಯವರಿಗೂ ಕರೆಗೆ ಮುಂಚೆಯೇ ತಿಳಿಸಿ. ಈಗಿನಿಂದಲೇ ರಾತ್ರಿ ಮಲಗಿಸುವುದು, ಬೆಳಿಗ್ಗೆ ಕಿಟಾಕ್ಕೆ ಬಿಡುವುದು, ಸ್ನಾನ ಇವುಗಳಲ್ಲಿ ಒಂದೆರಡನ್ನು ಅಪ್ಪ ವಹಿಸಿಕೊಳ್ಳಲಿ. ಮೊದಲ ವಾರಗಳಲ್ಲಿ ಅವಳು ಅಪ್ಪನನ್ನು ತಳ್ಳಿ ನಿಮ್ಮನ್ನೇ ಕೂಗುತ್ತಾಳೆ, ಆದರೂ ಅವರು ಬಿಟ್ಟುಕೊಡಬಾರದು. ಆಸ್ಪತ್ರೆಯಲ್ಲಿ ಅವಳು ಮೊದಲ ಬಾರಿ ಒಳಗೆ ಬರುವ ಹೊತ್ತಿಗೆ ಪಾಪುವನ್ನು ತೊಟ್ಟಿಲಲ್ಲಿ ಮಲಗಿಸಿ ನಿಮ್ಮ ಎರಡೂ ಕೈ ಖಾಲಿ ಇಟ್ಟುಕೊಳ್ಳಿ. ಮೊದಲು ಅವಳು ಮಂಚ ಹತ್ತಿ ನಿಮ್ಮ ಪಕ್ಕ ಕುಳಿತುಕೊಳ್ಳಲಿ, ತೊಟ್ಟಿಲಲ್ಲಿ ಏನಿದೆ ಎಂದು ಅವಳೇ ಕೇಳಲಿ. ಮನೆಗೆ ಬಂದ ಮೇಲೆ ಅವಳೂ ಬಾಟಲಿ ಕೇಳಬಹುದು, ಮುದ್ದು ಮುದ್ದಾಗಿ ಮಾತಾಡಬಹುದು, ಚಡ್ಡಿಯಲ್ಲೇ ಉಚ್ಚೆ ಮಾಡಬಹುದು. ಇವೆಲ್ಲ ಕೆಲವು ವಾರಗಳ ಮಾತು. ಗದರಬೇಡಿ, ‘ನೀನು ಅಕ್ಕ ಅಲ್ವಾ’ ಎಂದು ದೊಡ್ಡವಳನ್ನಾಗಿ ಮಾಡಲೂ ಹೋಗಬೇಡಿ, ಅವಳಿಗಿನ್ನೂ ಮೂರು ತುಂಬಿಲ್ಲ. ಪಾಪುವನ್ನು ಅಜ್ಜಿಯ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡು ದಿನಕ್ಕೆ ಕಾಲು ಗಂಟೆ ಅವಳೊಬ್ಬಳೊಡನೆ ಇದ್ದರೆ ಉಳಿದ ದಿನವೆಲ್ಲ ಸುಲಭವಾಗುತ್ತದೆ. ಕಿಟಾದ ಅಳುವಿಗಾಗಿ ಅವಳನ್ನು ಬಿಡಿಸಬೇಡಿ. ಫೆಬ್ರವರಿಯಲ್ಲಿ ಅವಳ ಪಾಲಿಗೆ ಬದಲಾಗದೆ ಉಳಿಯುವುದು ಆ ಒಂದು ಜಾಗವೇ.

ಕೊನೆಯದಾಗಿ ನಿಮ್ಮ ಬಗ್ಗೆ ಒಂದು ಮಾತು. ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಮಂಕು ಕರಗದಿದ್ದರೆ, ಮಗು ಮಲಗಿದ್ದಾಗಲೂ ನಿದ್ದೆ ಬರದಿದ್ದರೆ, ಯಾವ ಮಗುವಿನ ಮೇಲೂ ಮಮತೆ ಹುಟ್ಟುತ್ತಿಲ್ಲವೆನ್ನಿಸಿದರೆ, ಅದು ಚಳಿಗಾಲದ ಬೇಸರವೆಂದು ತಳ್ಳಿಹಾಕದೆ ಹೆಬಾಮೆಗೋ ಸ್ತ್ರೀರೋಗ ವೈದ್ಯರಿಗೋ ಹೇಳಿ. ಅದಕ್ಕೆ ಚಿಕಿತ್ಸೆಯಿದೆ, ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ.

ಪ್ರಶ್ನೆ: ಮಗಳ ಎರಡನೆಯ ಬಾಣಂತನಕ್ಕೆ ದಾವಣಗೆರೆಯಿಂದ ಫ್ರಾಂಕ್‌ಫರ್ಟ್ ಹತ್ತಿರದ ಊರಿಗೆ ಹೊರಟಿದ್ದೇನೆ. ಇದು ನನ್ನ ಮೊದಲ ವಿದೇಶ ಪ್ರಯಾಣ. ತುಪ್ಪ, ಅಂಟಿನುಂಡೆ, ಬಾಣಂತಿ ಲೇಹ, ಸಾಂಬ್ರಾಣಿ ಎಲ್ಲ ಒಯ್ಯಬಹುದೇ? ಮೂರು ವರ್ಷದ ಮೊಮ್ಮಗನಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರವನ್ನು ಜರ್ಮನ್‌ನಲ್ಲೇ ಕೊಡುತ್ತಾನೆ. ಅವನನ್ನು ಹೇಗೆ ಸಂಭಾಳಿಸಲಿ?

ಉತ್ತರ: ಅಮ್ಮ, ಚೀಲ ತುಂಬುವ ಮೊದಲು ಒಂದು ಲಸಿಕೆ ಹಾಕಿಸಿಕೊಳ್ಳಿ. ನಾಯಿಕೆಮ್ಮು ದೊಡ್ಡವರಿಗೆ ಬರೀ ಕೆಮ್ಮಿನಂತೆ ಬಂದು ಹೋಗುತ್ತದೆ, ಎಳೆಗೂಸಿಗೆ ಮಾತ್ರ ಪ್ರಾಣಾಪಾಯ ತರುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ಹಾಕಿಸಿಕೊಂಡಿರದಿದ್ದರೆ, ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರಕ್ಕೂ ಒಂದೇ ಆಗಿರುವ ದೊಡ್ಡವರ ಲಸಿಕೆಯನ್ನು ಹೆರಿಗೆಯ ದಿನಕ್ಕೆ ಕನಿಷ್ಠ ನಾಲ್ಕು ವಾರ ಮುಂಚೆ ಹಾಕಿಸಿಕೊಳ್ಳುವುದು ಅಲ್ಲಿನ ವೈದ್ಯರ ಸಲಹೆ. ನಿಮ್ಮ ಮಗಳಿಗೂ 28ನೇ ವಾರದಿಂದ ಇದನ್ನು ಕೊಡುತ್ತಾರೆ. ಬಿಪಿ, ಸಕ್ಕರೆಯ ಮಾತ್ರೆಗಳಿದ್ದರೆ ಮೂರು ತಿಂಗಳಿಗಾಗುವಷ್ಟನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯವಾದರೂ ಹಳೆಯ ಕಾಯಿಲೆಗಳಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂದು ಮಗಳಿಂದ ಓದಿಸಿ ನೋಡಿ.

ತುಪ್ಪವನ್ನು ಒಯ್ಯಬೇಡಿ. ಹೊರದೇಶದಿಂದ ಬರುವವರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಕಸಿದುಕೊಳ್ಳುತ್ತಾರೆ. ತುಪ್ಪದಲ್ಲಿ ಕಟ್ಟಿದ ಉಂಡೆಯನ್ನೂ ಊರಲ್ಲೇ ಮಾಡಿಕೊಳ್ಳುವುದು ಬೇಡ. ಅಂಟು, ಒಣಕೊಬ್ಬರಿ, ಉತ್ತುತ್ತಿ ಒಯ್ದು ಅಲ್ಲೇ ಕಟ್ಟಿ. ಬೆಣ್ಣೆ ಕಾಯಿಸಿದ ತುಪ್ಪ ಅಲ್ಲಿನ ಸಾಮಾನ್ಯ ಅಂಗಡಿಯಲ್ಲೇ ಬುಟರ್‌ಶ್ಮಾಲ್ಟ್ಸ್ ಎಂಬ ಹೆಸರಿನಲ್ಲಿ ಸಿಗುತ್ತದೆ, ಒಳ್ಳೆಯ ಬೆಣ್ಣೆ ತಂದು ಮನೆಯಲ್ಲೂ ಕಾಯಿಸಬಹುದು. ಬಾಣಂತಿಗೆ ಬೇಕಾದ ಸಬ್ಬಸಿಗೆ ಸೊಪ್ಪಿಗಂತೂ ನೀವು ಚಿಂತಿಸಬೇಕಾಗಿಲ್ಲ. ಜರ್ಮನರು ಮೀನಿಗೂ ಸೌತೆಕಾಯಿಗೂ ಅದನ್ನೇ ಹಾಕುವುದರಿಂದ ಎಲ್ಲ ಅಂಗಡಿಗಳಲ್ಲೂ ಕಟ್ಟು ಕಟ್ಟಾಗಿ ಇಟ್ಟಿರುತ್ತಾರೆ. ಮೆಂತ್ಯ, ಬೆಳ್ಳುಳ್ಳಿ, ಓಮ, ಶುಂಠಿ ಎಲ್ಲವೂ ಸಿಗುತ್ತವೆ. ಆದರೆ ಏನೇನು ಹಾಕಿದ್ದಾರೆಂದು ಬರೆದಿರದ ಲೇಹವನ್ನು ಒಯ್ಯಬೇಡಿ. ಇಂಥ ಕೆಲವು ತಯಾರಿಕೆಗಳಲ್ಲಿ ಸೀಸ, ಪಾದರಸ ಕಂಡುಬಂದಿರುವುದರಿಂದ ಹಾಲುಣಿಸುವ ತಾಯಿಗೆ ಅವು ಬೇಡ.

ಮನೆಯೊಳಗೆ ಕೆಂಡ ಮಾಡಿ ಸಾಂಬ್ರಾಣಿ ಹೊಗೆ ಹಾಕುವುದನ್ನು ಈ ಸಲ ಪೂರ್ತಿಯಾಗಿ ಬಿಟ್ಟುಬಿಡಿ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಆ ಮನೆಗಳಲ್ಲಿ ಇದ್ದಿಲಿನ ಹೊಗೆ ವಿಷವಾಗುತ್ತದೆ, ಎಳೆಯ ಶ್ವಾಸಕೋಶಕ್ಕೂ ಒಳ್ಳೆಯದಲ್ಲ; ಅಲ್ಲದೆ ಮಲಗುವ ಕೋಣೆಗಳಲ್ಲಿ ಕಡ್ಡಾಯವಾಗಿ ಅಳವಡಿಸಿರುವ ಹೊಗೆ ಗಂಟೆ ಕೂಗಿದರೆ ಇಡೀ ಕಟ್ಟಡ ಗಾಬರಿಯಾಗುತ್ತದೆ. ಕೂಸಿಗೆ ಜೇನು ನೆಕ್ಕಿಸುವುದು, ಕಣ್ಣಿಗೆ ಕಾಡಿಗೆ ಹಚ್ಚುವುದು ಬೇಡ. ಬೆನ್ನ ಮೇಲೆ, ಬೇರೆ ತೊಟ್ಟಿಲಲ್ಲಿ, ದಿಂಬು ರಗ್ಗುಗಳಿಲ್ಲದೆ ಮಲಗಿಸಬೇಕೆಂದು ಹೆಬಾಮೆ ಹೇಳುತ್ತಾರೆ, ಅದರಂತೆ ನಡೆಯಿರಿ. ಎಣ್ಣೆ ನೀವುವುದು, ಬಿಸಿನೀರು ಹಾಕುವುದು, ಬಾಣಂತಿಯ ಹೊಟ್ಟೆಗೆ ಬೇಳೆ ಕಟ್ಟಿನ ಬಿಸಿ ಸಾರು ಅನ್ನ ಇವಕ್ಕೆ ಯಾವ ಅಡ್ಡಿಯೂ ಇಲ್ಲ. ಸಿಸೇರಿಯನ್ ಆಗಿದ್ದರೆ ಹೊಲಿಗೆ ಮಾಯುವವರೆಗೆ ಹೊಟ್ಟೆ ಕಟ್ಟುವುದನ್ನು ವೈದ್ಯರನ್ನು ಕೇಳಿಯೇ ಮಾಡಿ.

ನಿಮ್ಮ ಮೊಮ್ಮಗನ ಬಗ್ಗೆ ಕೇಳಿದ್ದು ನನಗೆ ತುಂಬ ಸಂತೋಷ ತಂದಿತು, ಏಕೆಂದರೆ ಅಲ್ಲಿ ನಿಮ್ಮಿಂದ ಆಗಬೇಕಾದ ಅತಿ ದೊಡ್ಡ ಕೆಲಸವೇ ಅವನು. ಕೂಸನ್ನು ನೀರು ಹಾಕಿ ಮಲಗಿಸುವುದು ಒಂದು ಗಂಟೆಯ ಕೆಲಸ. ದಿನವಿಡೀ ಓಡಾಡುವ ಮೂರು ವರ್ಷದವನು ಅಜ್ಜಿಯೊಡನೆ ಖುಷಿಯಾಗಿದ್ದರೆ ಮಾತ್ರ ನಿಮ್ಮ ಮಗಳು ಕಣ್ಣು ಮುಚ್ಚಿ ಮಲಗಬಲ್ಲಳು. ಅವನು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೂ ನೀವು ಕನ್ನಡದಲ್ಲೇ ಮಾತಾಡಿ, ‘ಕನ್ನಡದಲ್ಲಿ ಹೇಳು’ ಎಂದು ಒತ್ತಾಯಿಸಬೇಡಿ. ರೊಟ್ಟಿ ತಟ್ಟುವಾಗ ಒಂದು ಉಂಡೆ ಹಿಟ್ಟು ಅವನ ಕೈಗೂ ಕೊಡಿ, ಅವನು ತಟ್ಟಿದ್ದನ್ನು ಬೇಯಿಸಿ ಅವನ ತಟ್ಟೆಗೇ ಹಾಕಿ. ಹಿಟ್ಟು, ನೀರು, ಹಂಚು, ಬಿಸಿ ಎಂಬ ಮಾತುಗಳು ತಾವಾಗಿ ಬರುತ್ತವೆ. ಹೊರಡುವ ಮುಂಚಿನ ವಾರಗಳಲ್ಲಿ ಅವನೊಬ್ಬನೊಡನೆ ವಿಡಿಯೊ ಕರೆಯಲ್ಲಿ ದಿನವೂ ಐದು ನಿಮಿಷ ಆಟವಾಡಿ. ಹೋದ ಮೇಲೆ ಕಿಟಾದ ದಾರಿ, ಆಟದ ಬಯಲಿನ ದಾರಿ ಎರಡನ್ನೂ ಮಗಳ ಜೊತೆ ನಡೆದು ಕಲಿತುಕೊಳ್ಳಿ. ಮಳೆ ಚಳಿಯಲ್ಲೂ ಅಲ್ಲಿ ಮಕ್ಕಳನ್ನು ಹೊರಗೆ ಆಡಿಸುತ್ತಾರೆ, ಅದಕ್ಕೆ ತಕ್ಕ ಬಟ್ಟೆ ಹಾಕಿಸಿ ಕರೆದುಕೊಂಡು ಹೋಗಿ. ನಿಮಗೂ ಒಂದು ಜೊತೆ ಬೆಚ್ಚನೆಯ, ಜಾರದ ಬೂಟು ಬೇಕು. ಆಂಬುಲೆನ್ಸ್‌ಗೆ 112, ರಾತ್ರಿ ಹೊತ್ತು ತುರ್ತಲ್ಲದ ವೈದ್ಯ ಸಲಹೆಗೆ 116117. ಎರಡು ಸಂಖ್ಯೆಗಳನ್ನೂ ಮನೆಯ ವಿಳಾಸವನ್ನೂ ದೊಡ್ಡಕ್ಷರದಲ್ಲಿ ಬರೆಸಿ ಬಾಗಿಲ ಹಿಂದೆ ಅಂಟಿಸಿಕೊಳ್ಳಿ.

ಪ್ರಶ್ನೆ: ಐದು ವರ್ಷಗಳಿಂದ, ಉನ್ನತ ಕೌಶಲದ ವಿದೇಶಿ ಉದ್ಯೋಗಿಗಳಿಗೆ ಕೊಡುವ ನಿವಾಸ ಪರವಾನಗಿಯಾದ ಬ್ಲೂ ಕಾರ್ಡ್‌ನಲ್ಲಿ ಬರ್ಲಿನ್‌ನಲ್ಲಿದ್ದೇನೆ. ಮೊದಲ ಮಗ ಮೈಸೂರಿನಲ್ಲಿ ಹುಟ್ಟಿದವನು, ಭಾರತೀಯ ಪಾಸ್‌ಪೋರ್ಟ್ ಇದೆ. ಇಲ್ಲಿ ಹುಟ್ಟಲಿರುವ ಎರಡನೆಯ ಮಗುವಿನ ಪೌರತ್ವ, ದಾಖಲೆಗಳು ಹೇಗೆ? ಬೇಸಿಗೆಯಲ್ಲಿ ಇಬ್ಬರನ್ನೂ ಊರಿಗೆ ಕರೆದೊಯ್ಯುವ ಆಸೆಯಿದೆ.

ಉತ್ತರ: ಹೆರಿಗೆಗೆ ಮುಂಚೆಯೇ ನೋಡಿಕೊಳ್ಳಬೇಕಾದ ಒಂದು ಅಂಶವಿದೆ. ಮಗು ಹುಟ್ಟುವ ಹೊತ್ತಿಗೆ ತಂದೆ ಅಥವಾ ತಾಯಿ ಜರ್ಮನಿಯಲ್ಲಿ ಕಾನೂನುಬದ್ಧವಾಗಿ ಐದು ವರ್ಷ ನೆಲೆಸಿದ್ದು, ಅವರಿಗೆ ಕಾಯಂ ನಿವಾಸದ ಹಕ್ಕೂ ಇದ್ದರೆ ಮಗು ಹುಟ್ಟಿನಿಂದಲೇ ಜರ್ಮನ್ ಪ್ರಜೆಯಾಗುತ್ತದೆ. ಮೊದಲು ಎಂಟು ವರ್ಷವಿದ್ದ ಈ ಅವಧಿಯನ್ನು 2024ರ ಜೂನ್‌ನಲ್ಲಿ ಐದಕ್ಕೆ ಇಳಿಸಿದರು. ಬರೀ ಬ್ಲೂ ಕಾರ್ಡ್ ಇದಕ್ಕೆ ಸಾಲದು. ಬ್ಲೂ ಕಾರ್ಡ್ ಉದ್ಯೋಗದಲ್ಲಿ 27 ತಿಂಗಳು ಪಿಂಚಣಿ ವಂತಿಗೆ ಕಟ್ಟಿದವರು, ಜರ್ಮನ್ ಭಾಷೆಯ ಮಧ್ಯಮ ಹಂತದ ಬಿ1 ಪರೀಕ್ಷೆ ಮುಗಿಸಿದ್ದರೆ 21 ತಿಂಗಳಿಗೇ, ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದಾದ್ದರಿಂದ ನೀವು ಬಹುಶಃ ಎಂದೋ ಅರ್ಹರಾಗಿದ್ದೀರಿ. ಬರ್ಲಿನ್‌ನಲ್ಲಿ ಅರ್ಜಿಗೆ ಕಾಲ ಹಿಡಿಯುತ್ತದೆ, ತಡಮಾಡಬೇಡಿ. ಆದರೆ ಮೊದಲು ಪತ್ನಿಯೊಡನೆ ಕುಳಿತು ಯೋಚಿಸಿ: ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಅಣ್ಣ ಭಾರತೀಯ, ತಮ್ಮ ಅಥವಾ ತಂಗಿ ಜರ್ಮನ್ ಎಂದಾಗುತ್ತದೆ; ಚಿಕ್ಕ ಮಗುವಿಗೆ ಊರಿಗೆ ಬರಲು ವೀಸಾ ಅಥವಾ ಸಾಗರೋತ್ತರ ಭಾರತೀಯ ಕಾರ್ಡ್ ಮಾಡಿಸಬೇಕು. ಇದರಲ್ಲಿ ತಪ್ಪೇನೂ ಇಲ್ಲ, ಎಷ್ಟೋ ಮನೆಗಳಲ್ಲಿ ಹೀಗೆಯೇ ಇದೆ. ಆದರೆ ಗೊತ್ತಿದ್ದು ಆಗಲಿ, ಗೊತ್ತಿಲ್ಲದೆ ಬೇಡ.

ಮಗು ಭಾರತೀಯ ಪ್ರಜೆಯಾಗುವುದಾದರೆ, ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನವನ್ನು ನೋಂದಾಯಿಸಿ ಪಾಸ್‌ಪೋರ್ಟ್ ಪಡೆಯಬೇಕು, ಆರು ತಿಂಗಳೊಳಗೆ ಜರ್ಮನಿಯ ನಿವಾಸ ಪರವಾನಗಿಗೂ ಅರ್ಜಿ ಸಲ್ಲಿಸಬೇಕು. ಇವೆಲ್ಲಕ್ಕೂ ಮೂಲ ಜನನ ಪ್ರಮಾಣಪತ್ರ. ಅದಕ್ಕಾಗಿ ನಗರದ ನೋಂದಣಿ ಕಚೇರಿ ನಿಮ್ಮಿಬ್ಬರ ಜನನ ಪತ್ರ ಮತ್ತು ವಿವಾಹ ಪತ್ರವನ್ನು ಪ್ರಮಾಣಿತ ಅನುವಾದದೊಂದಿಗೆ ಕೇಳುತ್ತದೆ. ಏನೇನು ಬೇಕೆಂದು ಈಗಲೇ ವಿಚಾರಿಸಿ, ಮೈಸೂರಿನಿಂದ ತರಿಸಿಕೊಳ್ಳಬೇಕಾದ್ದನ್ನು ಹೆರಿಗೆಗೆ ಮುಂಚೆ ತರಿಸಿಕೊಳ್ಳಿ. ನಮ್ಮ ಹೆಸರುಗಳ ತೊಡಕು ಎದುರಾಗುವುದು ಇಲ್ಲಿಯೇ. ನಿಮ್ಮ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿದ್ದು, ಪತ್ನಿಯದರಲ್ಲಿ ಬೇರೊಂದಿದ್ದು, ಮಗನದರಲ್ಲಿ ನಿಮ್ಮ ಹೆಸರೇ ಕುಲನಾಮವಾಗಿದ್ದರೆ ಜರ್ಮನ್ ಅಧಿಕಾರಿಗೆ ಇವರೆಲ್ಲ ಒಂದೇ ಮನೆಯವರೆಂದು ಕಾಣುವುದಿಲ್ಲ. ಇಬ್ಬರು ಮಕ್ಕಳಿಗೂ ಒಂದೇ ಕುಲನಾಮ ಬರುವಂತೆ ಮಾಡಲು ಏನು ಬರೆಸಬೇಕೆಂಬುದನ್ನು ಆಸ್ಪತ್ರೆಯ ಫಾರ್ಮ್ ಕೈಗೆ ಬರುವ ಮುಂಚೆಯೇ ನಿರ್ಧರಿಸಿಕೊಳ್ಳಿ.

ಮಕ್ಕಳ ಭತ್ಯೆ 2026ರ ಜನವರಿಯಿಂದ ಪ್ರತಿ ಮಗುವಿಗೆ ತಿಂಗಳಿಗೆ 259 ಯೂರೊ; ಎರಡನೆಯ ಮಗುವಿಗೆ ಬೇರೆ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ. ಬೇಸಿಗೆಯ ಪ್ರಯಾಣದ ಆಸೆ ಒಳ್ಳೆಯದೇ, ಆದರೆ ಪಾಸ್‌ಪೋರ್ಟ್ ಮತ್ತು ನಿವಾಸ ಪರವಾನಗಿ ಎರಡೂ ಕೈಗೆ ಬರುವವರೆಗೆ ಟಿಕೆಟ್ ಕೊಳ್ಳಬೇಡಿ; ಪರವಾನಗಿ ಇಲ್ಲದೆ ಹೊರಟ ಕೂಸು ವಾಪಸು ಬರಲು ವೀಸಾಕ್ಕಾಗಿ ಬೆಂಗಳೂರಿನಲ್ಲಿ ಕಾಯಬೇಕಾದೀತು. ದೊಡ್ಡ ಮಗನ ಪಾಸ್‌ಪೋರ್ಟನ್ನೂ ಒಮ್ಮೆ ತೆರೆದು ನೋಡಿ. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಅವಧಿ, ಕೂಸಾಗಿದ್ದಾಗ ಮೈಸೂರಿನಲ್ಲಿ ಮಾಡಿಸಿದ್ದರ ಅವಧಿ ಮುಗಿಯುತ್ತಾ ಬಂದಿರಬಹುದು. ಅವನದನ್ನು ನವೀಕರಿಸುವ ಅರ್ಜಿಯನ್ನೂ ಚಿಕ್ಕದರ ಅರ್ಜಿಯ ಜೊತೆಗೇ ಕೊಟ್ಟರೆ ರಾಯಭಾರ ಕಚೇರಿಗೆ ಎರಡೂ ಮಕ್ಕಳನ್ನು ಕಟ್ಟಿಕೊಂಡು ಮತ್ತೆ ಮತ್ತೆ ಓಡಾಡುವುದು ತಪ್ಪುತ್ತದೆ.